ನಕ್ಷೆ ತೆರೆದರೂ ಟ್ಯಾಂಕು ನಿಲ್ಲುವುದಿಲ್ಲ

ಹೋದ ತಿಂಗಳು ಒಂದು ಮಧ್ಯಾಹ್ನ ತುಮಕೂರಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಒಂಬತ್ತನೇ ತರಗತಿಯ ಹಿಂದಿ ಉತ್ತರಪತ್ರಿಕೆ ತಿದ್ದುತ್ತ ಕುಳಿತಿದ್ದೆ. ಮೊಬೈಲಿಗೆ ಒಂದು ವಿಡಿಯೊ ಬಂತು. ತೆರೆದೆ. ಮೊದಲು ಕಪ್ಪು ಪರದೆ. ಆಮೇಲೆ ತಗಡು ಬಡಿದಂಥ ಸಂಗೀತ, ಮೂರು ಸ್ವರ ಮೇಲಕ್ಕೆ, ಒಂದು ಕೆಳಕ್ಕೆ. ನನ್ನ ಕೈಯ ಕೆಂಪು ಪೆನ್ನು ಯಾರದೋ ಉತ್ತರದ ಮೇಲೆ ಉದ್ದಕ್ಕೆ ಗೀಚಿಕೊಂಡು ಹೋಯಿತು. ಪಕ್ಕದ ಟೀಚರು, "ಏನ್ರೀ, ಮನೇಲಿ ಏನಾದ್ರೂ ಆಯ್ತಾ?" ಅಂದರು. ಇಲ್ಲ ಎಂದು ತಲೆಯಾಡಿಸಿದೆ.

ಕಳಿಸಿದವನು ಕಾಶಿಯಲ್ಲಿರುವ ನನ್ನ ದೊಡ್ಡಪ್ಪನ ಮಗ ಶ್ರೀಧರಣ್ಣ. ಕೆಳಗೆ ಬರೆದಿದ್ದ: "ಶಾರೀ, ನೆನಪಿದೆಯಾ? ನಮ್ಮ ಟ್ಯಾಂಕ್ ಗೇಮು ಮತ್ತೆ ಬಂದಿದೆ. ಫೋನಲ್ಲೇ ಆಡಬಹುದು. ನೀನು ಅಲ್ಲಿಂದ, ನಾನು ಇಲ್ಲಿಂದ. ಬಾ, ಒಂದು ಕೈ ನೋಡೋಣ." ಜೊತೆಗೆ ನಗುವ ಮುಖದ ಮೂರು ಚಿತ್ರ.

ಒಂದು ಕೈ ನೋಡೋಣ ಎಂದು ಅವನು ಬರೆದಿದ್ದಾನೆ. ಒಬ್ಬ ಮನುಷ್ಯನ ಕೈ ಏನಾಯಿತು ಎಂದು ಗೊತ್ತಿದ್ದೂ ಆ ಪದ ಅವನ ಬೆರಳಿಗೆ ಎಲ್ಲೂ ತಡೆಯಲಿಲ್ಲ. ನಾಲ್ಕು ವರ್ಷದ ಹಿಂದಿನ ಆ ವರ್ಷದಿಂದ ಅವನಿಗೆ ಉಳಿದದ್ದು ಒಂದು ಆಟ. ನನಗೆ ಉಳಿದದ್ದು ಬೇರೆ. ಈಗಲೂ ಬಸ್ಸಿನ ಡ್ರೈವರು ಫೋನು ತೆಗೆದರೆ ನಾನು ಸೀಟಿನಲ್ಲಿ ಕೂರಲಾರೆ. ಎದ್ದು ಹೋಗಿ ಬೈದಿದ್ದೇನೆ, ಎರಡು ಸಲ ನಡುದಾರಿಯಲ್ಲಿ ಇಳಿದೂ ಇದ್ದೇನೆ.

ಆ ವರ್ಷ ನಾನು ಹಿಂದಿ ಎಂ.ಎ. ಕೊನೆಯ ವರ್ಷದಲ್ಲಿದ್ದೆ. ಹನುಮಾನ್ ಘಾಟಿನ ಹಿಂದಿನ ಗಲ್ಲಿಯಲ್ಲಿ ದೊಡ್ಡಪ್ಪನ ಮನೆ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ತೀರ್ಥಸ್ನಾನ, ವಿಶ್ವನಾಥನ ದರ್ಶನ ಎಲ್ಲ ಮಾಡಿಸುವುದು ಮೂರು ತಲೆಮಾರಿನ ಕಸುಬು. ಅಪ್ಪ ನಾನು ಚಿಕ್ಕವಳಿರುವಾಗಲೇ ತೀರಿಕೊಂಡಿದ್ದರು. ಅಮ್ಮ ಆ ಮನೆಯಲ್ಲಿ ಯಾತ್ರಿಕರಿಗೆ ಅಡಿಗೆ ಮಾಡುತ್ತಿದ್ದಳು. ನನ್ನ ಓದೂ ಅಲ್ಲೇ, ಊಟವೂ ಅಲ್ಲೇ. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಆ ಬೇಸಿಗೆಯಲ್ಲಿ ಶ್ರೀಧರಣ್ಣ ಕಂಟೋನ್ಮೆಂಟಿನ ಯಾವುದೋ ಹೋಟೆಲಿನವರು ಹೊರಗೆ ಹಾಕಿದ್ದ ಒಂದು ಹಳೇ ಕಂಪ್ಯೂಟರನ್ನು ರಿಕ್ಷಾದಲ್ಲಿ ಹೇರಿಕೊಂಡು ಬಂದ. ಹಿಂಬದಿ ಗಡಿಗೆಯಂತೆ ಉಬ್ಬಿದ ಪರದೆ. ಹೊಸ ಆಟ ಯಾವುದೂ ಅದರಲ್ಲಿ ನಡೆಯುತ್ತಿರಲಿಲ್ಲ. ನಡೆದದ್ದು ಒಂದೇ, ನಾವಿಬ್ಬರೂ ಹುಟ್ಟುವ ಹೊತ್ತಿಗೆ ಬಂದಿರಬಹುದಾದ ಒಂದು ಟ್ಯಾಂಕ್ ಆಟ.

ಬೇರೆ ಟ್ಯಾಂಕ್ ಆಟಗಳಲ್ಲಿ ಓಡಿಸುವುದು, ಗುಂಡು ಹಾರಿಸುವುದು, ಇಷ್ಟೇ. ಇದರಲ್ಲಿ ಟ್ಯಾಂಕಿನೊಳಗೆ ಕೂತು ನಾವೇ ಕಾದಾಡಬೇಕು, ಅದೇ ಹೊತ್ತಿಗೆ ದಂಡನಾಯಕನೂ ಆಗಿರಬೇಕು. ಲೋಹದ ಚೂರು ಆಯಲು ಒಂದು ಬಂಡಿ, ಕೋಟೆ ಕಟ್ಟಲು ಒಂದು, ಹಿಂದೆ ಮುಂದೆ ಕಾವಲಿಗೆ ನಾಲ್ಕು ಪುಟ್ಟ ಟ್ಯಾಂಕು. ಯಾವುದು ಎಲ್ಲಿಗೆ ಹೋಗಬೇಕೆಂದು ನಾವೇ ಅಪ್ಪಣೆ ಕೊಡಬೇಕು. ಒಂದು ಗುಂಡಿ ಒತ್ತಿದರೆ ಪರದೆಯ ತುಂಬ ನಕ್ಷೆ ಬರುತ್ತದೆ. ನಮ್ಮ ಬಂಡಿಗಳೆಲ್ಲ ಹಸಿರು ಚುಕ್ಕೆ, ಶತ್ರುಗಳೆಲ್ಲ ಕೆಂಪು ಚುಕ್ಕೆ. ನೋಡಲು ಚೆಂದ, ದೇವರೇ ಮೇಲಿಂದ ನೋಡುತ್ತಿದ್ದಾನೆ ಅನ್ನುವ ಹಾಗೆ. ಆದರೆ ನಕ್ಷೆ ತೆರೆದಾಗ ನಮ್ಮ ಟ್ಯಾಂಕು ನಿಲ್ಲುವುದಿಲ್ಲ. ಅದು ಹೊರಟ ದಿಕ್ಕಿಗೆ ಹೋಗುತ್ತಲೇ ಇರುತ್ತದೆ. ಪರದೆಯ ಮೂಲೆಯಲ್ಲಿ ಎರಡು ಬೆರಳಗಲದ ಒಂದು ಕಿಂಡಿಯಲ್ಲಿ ಮಾತ್ರ ಎದುರಿನ ದಾರಿ ಕಾಣುತ್ತದೆ.

ಆ ಕಿಂಡಿ ನೋಡುವುದು ನನ್ನ ಕೆಲಸವಾಗಿತ್ತು. ಶ್ರೀಧರಣ್ಣನಿಗೆ ನಕ್ಷೆಯ ಹುಚ್ಚು. ತೆರೆದರೆ ಮುಚ್ಚುತ್ತಿರಲಿಲ್ಲ. ಚುಕ್ಕೆಗಳನ್ನು ಸಾಲಾಗಿ ನಿಲ್ಲಿಸುತ್ತ, ಹಿಂದೆ ಬಿದ್ದವನ್ನು ಎಳೆದು ತರುತ್ತ ಮೈಮರೆಯುತ್ತಿದ್ದ. ನಾನು ಪಕ್ಕದಲ್ಲಿ ಕೂತು ಕೂಗುತ್ತಿದ್ದೆ.

"ಅಣ್ಣಾ, ಬಂಡೆ! ನಕ್ಷೆ ಮುಚ್ಚು!"

"ಏಕ್ ಮಿನಿಟ್, ಮೂರನೇದು ಹಿಂದೆ ಬಿತ್ತು."

"ಮೂರನೇದು ಹಾಳಾಗ್ಲಿ, ನೀನೇ ಸಾಯ್ತಿದೀಯ! ಮುಚ್ಚು!"

ದಢಾರ್ ಎಂದು ಪರದೆ ಕೆಂಪಾಗುತ್ತಿತ್ತು. ಅವನು ಕುರ್ಚಿಗೆ ಒರಗಿ ನಗುತ್ತಿದ್ದ. "ಅರೇ ಗುರು, ಮತ್ತೆ ಶುರು ಮಾಡಿದ್ರಾಯ್ತು." ಹೌದು, ಅಲ್ಲಿ ಮತ್ತೆ ಶುರು ಮಾಡಬಹುದಿತ್ತು. ಇಡೀ ಬೇಸಿಗೆ ಬಿಸಿಗಾಳಿಗೆ ಕಿಟಕಿ ಮುಚ್ಚಿಕೊಂಡು ಹೀಗೇ ಆಡಿದೆವು. ಎಷ್ಟು ಸಲ ಕೂಗಿದ್ದೆನೋ ಲೆಕ್ಕವಿಲ್ಲ.

ನಮ್ಮ ಮನೆಯ ಯಾತ್ರಿಕರಿಗೆ ದೋಣಿ ನಡೆಸುತ್ತಿದ್ದವನು ರಾಮಸೂರತ್. ನಾನು ಸೂರತ್ ಚಾಚಾ ಅನ್ನುತ್ತಿದ್ದೆ. ಐವತ್ತರ ಹತ್ತಿರದ ಅಂಬಿಗ, ಅವನ ಅಪ್ಪ ನನ್ನ ತಾತನ ಕಾಲದಲ್ಲಿ ನಮ್ಮವರಿಗೆ ಹುಟ್ಟು ಹಾಕಿದವನು. ಮರುದಿನದ ಯಾತ್ರಿಕರ ವಿಷಯ ಕೇಳಲು ಬಂದವನು ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತ ನಮ್ಮ ಆಟ ನೋಡುತ್ತಿದ್ದ. ಟ್ಯಾಂಕು ಒಡೆದಾಗಲೆಲ್ಲ ಭೋಜಪುರಿಯಲ್ಲಿ ಒಂದು ಮಾತು ಎಸೆಯುತ್ತಿದ್ದ. ಒಮ್ಮೆ ಅಂದದ್ದು ನೆನಪಿದೆ: "ಗುರು, ಆಂಖ್ ನಕ್ಷೆ ಮೇಂ, ಗಾಡಿ ಗಡ್ಢೆ ಮೇಂ." ಕಣ್ಣು ನಕ್ಷೆಯಲ್ಲಿ, ಗಾಡಿ ಗುಂಡಿಯಲ್ಲಿ. ಮೂವರೂ ನಕ್ಕಿದ್ದೆವು.

ಆ ಮಳೆಗಾಲ ಗಂಗೆ ಮೆಟ್ಟಿಲುಗಳನ್ನೆಲ್ಲ ನುಂಗಿ ಗಲ್ಲಿಯ ಬಾಯಿಗೆ ಬಂದಳು. ದೋಣಿಗಳನ್ನು ಗೋಡೆಯ ಕಬ್ಬಿಣದ ಬಳೆಗಳಿಗೆ ಕಟ್ಟಿಹಾಕಿದರು. ಅಸ್ಸಿ ಘಾಟಿನ ಚಹಾದಂಗಡಿಗಳು ರಸ್ತೆಗೆ ಏರಿದವು. ಸೂರತ್ ಚಾಚಾ ಒಂದೂವರೆ ತಿಂಗಳು ಕೆಲಸವಿಲ್ಲದೆ ನಮ್ಮ ಹಜಾರದಲ್ಲಿ ಬಲೆ ಹೆಣೆದ. ನೀರು ಇಳಿಯತೊಡಗಿದಾಗ ಪಿತೃಪಕ್ಷ ಬಂದೇಬಿಟ್ಟಿತ್ತು. ಮಳೆಗೆ ಹೆದರಿ ಮುಂದೂಡಿದವರೆಲ್ಲ ಒಟ್ಟಿಗೆ ಬಂದರು. ಮನೆಯ ಮೂರು ಮಹಡಿಯಲ್ಲೂ ಚಾಪೆ.

ನಮ್ಮಲ್ಲಿ ಪಂಚತೀರ್ಥ ಎಂದು ಒಂದು ಕ್ರಮವಿದೆ. ಒಂದೇ ದಿನ ಐದು ಘಾಟುಗಳಲ್ಲಿ ಸ್ನಾನ: ಅಸ್ಸಿ, ದಶಾಶ್ವಮೇಧ, ಆದಿಕೇಶವ, ಪಂಚಗಂಗಾ, ಕೊನೆಗೆ ಮಣಿಕರ್ಣಿಕಾ. ಇದೇ ಸಾಲು, ತಪ್ಪಿಸುವಂತಿಲ್ಲ. ಪ್ರತಿ ಘಾಟಿನಲ್ಲೂ ಕೈಯಲ್ಲಿ ನೀರು ಹಿಡಿದು ಪುರೋಹಿತರ ಹಿಂದೆ ಸಂಕಲ್ಪ ಹೇಳಬೇಕು. ದೋಣಿಗೊಬ್ಬ ಪುರೋಹಿತರು ಬೇಕು. ಆ ಪಕ್ಷದಲ್ಲಿ ಒಂದು ದಿನ ಹಿರಿಯೂರು ಕಡೆಯಿಂದ ಬಂದವರಿಗೇ ನಾಲ್ಕು ದೋಣಿ ಬೇಕಾಗಿತ್ತು. ಪುರೋಹಿತರು ದೊಡ್ಡಪ್ಪ ಒಬ್ಬರೇ. ಉಳಿದವರೆಲ್ಲ ಬೇರೆ ಬೇರೆ ಕಡೆ ಶ್ರಾದ್ಧಕ್ಕೆ ಹೋಗಿದ್ದರು. ಬೇರೆ ಮನೆಯವರನ್ನು ಕರೆಯಬಹುದಿತ್ತು. ಆದರೆ ಕರೆದರೆ ಯಾತ್ರಿಕರು ಮುಂದಿನ ಸಲ ಆ ಮನೆಗೇ ಹೋಗುತ್ತಾರೆ ಎಂದು ದೊಡ್ಡಪ್ಪನಿಗೆ ಭಯ.

ಹಿಂದಿನ ರಾತ್ರಿ ಶ್ರೀಧರಣ್ಣ ಉಪಾಯ ಹೂಡಿದ. "ಅಪ್ಪಾ, ನೀವು ಮೊದಲನೇ ದೋಣೀಲಿ ಕೂತು ಮಂತ್ರ ಹೇಳಿ. ಶಾರೀ ಫೋನ್ ಹಿಡೀಲಿ. ಬಾಕಿ ಮೂರರಲ್ಲಿ ಸ್ಪೀಕರ್ ಹಾಕ್ತೀನಿ. ನಾಲ್ಕೂ ಒಟ್ಟಿಗೆ ಘಾಟ್ ಮುಟ್ಟಿದ್ರೆ ಒಂದೇ ಸಂಕಲ್ಪ ಸಾಕು."

"ಒಟ್ಟಿಗೆ ಮುಟ್ಟೋದು ಹ್ಯಾಗೋ? ದೋಣಿ ಏನು ರೈಲು ಡಬ್ಬಿಯೇ?"

"ಅದು ನನಗೆ ಬಿಡಿ. ಮೊದಲನೇ ದೋಣಿ ನಾನೇ ನಡೆಸ್ತೀನಿ. ಎಲ್ಲಾ ದೋಣಿ ಎಲ್ಲೆಲ್ಲಿದೆ ಅಂತ ಫೋನಲ್ಲಿ ನಕ್ಷೆ ಬರತ್ತೆ. ಹಿಂದೆ ಬಿದ್ದೋರನ್ನ ಎಳ್ಕೊಂಡು ಬರ್ತೀನಿ."

ಇದನ್ನು ಎಲ್ಲಿ ಕಲಿತ ಎಂದು ನನಗೆ ಗೊತ್ತಿತ್ತು. ಅವನು ನನ್ನ ಕಡೆ ಕಣ್ಣು ಮಿಟುಕಿಸಿದ. ನಾನೂ ನಕ್ಕೆ. ಈಗ ಆ ನಗುವನ್ನು ನೆನೆದರೆ ಕೆನ್ನೆಗೆ ಹೊಡೆದುಕೊಳ್ಳಬೇಕೆನ್ನಿಸುತ್ತದೆ.

ಆ ದೋಣಿಯ ಒಡೆಯ ಸೂರತ್ ಚಾಚಾ ಮಾತ್ರ ಒಪ್ಪಲಿಲ್ಲ. ಲೈಸೆನ್ಸು ತನ್ನ ಹೆಸರಿನಲ್ಲಿದೆ, ಚುಕ್ಕಾಣಿ ತನ್ನ ಕೈಯಲ್ಲೇ ಇರಬೇಕು ಅಂದ. "ಗುರು, ಈ ನಾವ್ ಹ, ಟೈಂಕ್ ನಾ ಹ." ಇದು ದೋಣಿ, ಟ್ಯಾಂಕಲ್ಲ. ದೊಡ್ಡಪ್ಪ, "ನಿನ್ನಪ್ಪ ನಮ್ಮಪ್ಪನ ಮಾತಿಗೆ ಎದುರಾಡಿದ್ದಿಲ್ಲ" ಎಂದು ಹಿಂದಿಯಲ್ಲಿ ಅಂದರು. ಕೊನೆಗೆ ಚಾಚಾ ಒಂದು ಷರತ್ತು ಹಾಕಿದ. ಆದಿಕೇಶವಕ್ಕೆ ಮುಂಚೆ ಸಿಗುವ ರಾಜಘಾಟಿನ ಸೇತುವೆ ಹತ್ತಿರ ಬಂದಾಗ ಚುಕ್ಕಾಣಿ ತನಗೆ ಬಿಡಬೇಕು. ನೀರು ಇಳಿಯುವಾಗ ಆ ಕಂಬಗಳ ಬುಡದಲ್ಲಿ ಸುಳಿ ಇರುತ್ತದೆ, ಅದು ತನ್ನ ಕೈಗೇ ಹೆದರಿಕೆ ಹುಟ್ಟಿಸುತ್ತದೆ ಅಂದ. ಶ್ರೀಧರಣ್ಣ ಆಯಿತು ಅಂದ.

ಬೆಳಿಗ್ಗೆ ಅಸ್ಸಿಯಲ್ಲಿ ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟು ತೊಡಿಸಿದ್ದು ಚಾಚಾನೇ. ಬಿಚ್ಚಿಸಿದ್ದು ದೊಡ್ಡಪ್ಪ. ಸಂಕಲ್ಪದ ಹೊತ್ತಿಗೆ ಮೈಮೇಲೆ ಹೊಲಿದ ಬಟ್ಟೆ ಇರಬಾರದು, ಜಾಕೆಟು ಹೊಲಿದದ್ದು. ಐದು ಕಡೆ ಬಿಚ್ಚಿ ತೊಡುವುದು ಯಾರಿಗೆ ಬೇಕೆಂದು ಅವು ಸೀಟಿನ ಕೆಳಗೆ ಹೋದವು. ಹೆಂಗಸರೂ ಬಿಚ್ಚಿದರು. ನನ್ನ ಪಕ್ಕದಲ್ಲಿದ್ದ ಸಾವಿತ್ರಮ್ಮ ಎನ್ನುವ ಮುದುಕಿ ಮಾತ್ರ ಕೇಳಿದರು, "ಸ್ವಾಮಿ, ನಮ್ಮ ರವಿಕೇನೂ ಹೊಲಿದಿದ್ದೇ ಅಲ್ವ್ರಾ?" ಹೆಂಗಸರೆಲ್ಲ ಕಿಸಕ್ಕೆಂದರು. ದೊಡ್ಡಪ್ಪ ಕೇಳಿಸದವರಂತೆ ಪಂಚಾಂಗ ತೆರೆದರು.

ಅಸ್ಸಿಯಲ್ಲಿ ಉಪಾಯ ಫಲಿಸಿತು. ಫೋನನ್ನು ದೊಡ್ಡಪ್ಪನ ಬಾಯಿಯ ಹತ್ತಿರ ಹಿಡಿದೆ. ಅವರು ಒಂದು ತುಂಡು ಹೇಳಿದರೆ ನಾಲ್ಕು ದೋಣಿಗಳಿಂದ ನಾಲ್ಕು ಸಲ ಹಿಂದಕ್ಕೆ ಬರುತ್ತಿತ್ತು. ಶ್ರೀಧರಣ್ಣ ಚುಕ್ಕಾಣಿಯ ಹತ್ತಿರ ನಿಂತು ಇನ್ನೊಂದು ಫೋನಿನ ನಕ್ಷೆಯಲ್ಲಿ ನಾಲ್ಕು ಚುಕ್ಕೆ ತೋರಿಸಿ ಮೀಸೆ ತಿರುವಿದ. ದಶಾಶ್ವಮೇಧದಲ್ಲಿ ಜನವೋ ಜನ. ದೋಣಿ ನಿಲ್ಲಿಸಲು ಜಾಗ ಸಿಗದೆ ಒಂದು ಗಂಟೆ ಹೋಯಿತು. ಮಣಿಕರ್ಣಿಕೆಯನ್ನು ಮಧ್ಯಾಹ್ನದೊಳಗೆ ಮುಟ್ಟಬೇಕು. ದೊಡ್ಡಪ್ಪ ಚಡಪಡಿಸಿದರು. "ಆದಿಕೇಶವದ ಸಂಕಲ್ಪ ದಾರೀಲೇ ಮುಗಿಸಿಬಿಡೋಣ. ಹೋದ ಕೂಡ್ಲೇ ಮುಳುಗಿ ಎದ್ದರಾಯ್ತು. ಶಾರದಾ, ಫೋನ್ ಹಿಡಿ."

ಹಿಡಿದೆ. ಎಲ್ಲರೂ ಗಂಗೆಯಿಂದ ಬೊಗಸೆ ನೀರೆತ್ತಿ ಕಣ್ಣು ಮುಚ್ಚಿದರು. ಸೇತುವೆ ಎದುರಿಗೆ ಬೆಳೆಯುತ್ತಿತ್ತು. ಕೆಳಗಿನ ಅಂತಸ್ತಿನಲ್ಲಿ ರೈಲು, ಮೇಲೆ ರಸ್ತೆ, ಕೆಂಪುಕಂದು ನೀರಿನಿಂದ ಎದ್ದ ಕಲ್ಲಿನ ಕಂಬಗಳು. ಪ್ರವಾಹದ ಜೊತೆಗೇ ಹೋಗುತ್ತಿದ್ದೆವಾದ್ದರಿಂದ ನಮ್ಮ ವೇಗ ನಮಗೇ ತಿಳಿಯುತ್ತಿರಲಿಲ್ಲ. ದೋಣಿಯ ಮೂತಿಯಲ್ಲಿ ಕೂತಿದ್ದ ಸೂರತ್ ಚಾಚಾ ಎದ್ದು ಹಿಂದಕ್ಕೆ ಕೈ ಚಾಚಿದ. "ಪತ್ವಾರ್ ಹಮಕೇ ದ." ಚುಕ್ಕಾಣಿ ಕೊಡು.

ಶ್ರೀಧರಣ್ಣ ನಕ್ಷೆಯಿಂದ ಕಣ್ಣೆತ್ತಲಿಲ್ಲ. "ಏಕ್ ಮಿನಿಟ್ ಚಾಚಾ. ಮೂರನೇದು ಹಿಂದೆ ಬಿತ್ತು."

ಆ ಮಾತು ಕೇಳಿದ ಕ್ಷಣವೇ ನನಗೆ ಗೊತ್ತಾಯಿತು. ಇಡೀ ಬೇಸಿಗೆ ಆ ಮಾತಿನ ನಂತರ ಏನಾಗುತ್ತಿತ್ತೋ ಅದೇ ಆಗುತ್ತದೆ ಎಂದು ಮೈಯ ಪ್ರತಿ ಕೂದಲಿಗೂ ಗೊತ್ತಾಯಿತು. ಕಂಬ ನೇರ ಎದುರಿಗಿತ್ತು. ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಒಂದು ನೀಲಿ ಬಟ್ಟೆ ಕಾಣುತ್ತಿತ್ತು. ಮೇಲೆ ರೈಲು ಬಂತು. ಚಾಚಾ ಕೂಗಿದ, "ಖಂಭಾ ಬಾ ಗುರು, ಖಂಭಾ!" ಕಂಬವಿದೆ, ಕಂಬ. ಶ್ರೀಧರಣ್ಣ ತುಟಿಯ ಮೇಲೆ ಬೆರಳಿಟ್ಟ. ಮಂತ್ರ ನಡೆಯುತ್ತಿದೆ, ಸುಮ್ಮನಿರು ಎಂದು.

ನಾನು ಕೂಗಲಿಲ್ಲ.

ಐದು ಉಸಿರಿನಷ್ಟು ಹೊತ್ತು ಇತ್ತು. ಎಷ್ಟೋ ಸಲ ಎಣಿಸಿ ನೋಡಿದ್ದೇನೆ, ಐದೇ. ಫೋನು ದೊಡ್ಡಪ್ಪನ ಬಾಯಿಯ ಹತ್ತಿರವಿತ್ತು. ನಾನು ಕೂಗಿದರೆ ನಾಲ್ಕು ದೋಣಿಯಲ್ಲೂ ಸಂಕಲ್ಪ ಕೆಡುತ್ತದೆ, ಅವರು ನನ್ನನ್ನು ನೋಡುತ್ತಾರೆ, ಮನೆಯಲ್ಲಿ ಅಮ್ಮನಿಗೆ ಮಾತು ಬರುತ್ತದೆ. ಪರದೆಯೊಳಗಿನ ಟ್ಯಾಂಕಿಗಾಗಿ ಗಂಟಲು ಹರಿದುಕೊಂಡವಳು ಒಂಬತ್ತು ಮಂದಿ ಯಾತ್ರಿಕರಿಗಾಗಿ ಬಾಯಿ ತೆರೆಯಲಿಲ್ಲ. ದೊಡ್ಡಪ್ಪ "ಸಮಸ್ತ ದುರಿತ ಕ್ಷಯದ್ವಾರಾ" ಅನ್ನುತ್ತಿದ್ದರು.

ಚಾಚಾ ಬಿದಿರಿನ ಗಳ ಎತ್ತಿ ಕಂಬಕ್ಕೆ ಒತ್ತಿದ. ಗಳ ಜಾರಿತು. ಆಮೇಲೆ ಅವನು ಕೈಯನ್ನೇ ಕೊಟ್ಟ. ನಾನು ನೋಡಿದೆ. ದೋಣಿಯ ಅಂಚಿಗೂ ಕಲ್ಲಿಗೂ ನಡುವೆ ಅವನ ಎಡಗೈ ಮೊಣಕೈಯವರೆಗೆ ಹೋಯಿತು. ಆ ಸದ್ದನ್ನು ಬರೆಯಲಾರೆ. ಆ ತಡೆಯಿಂದಲೇ ಮೂತಿ ಒಡೆಯದೆ ದೋಣಿ ಅಡ್ಡ ತಿರುಗಿತು, ಒಂದು ಮಗ್ಗುಲಿಗೆ ವಾಲಿತು. ಮೂವರು ನೀರಿಗೆ ಬಿದ್ದರು. ಇಬ್ಬರು ಗಂಡಸರು ಅಂಚನ್ನು ಹಿಡಿದುಕೊಂಡರು. ಸಾವಿತ್ರಮ್ಮ ಮುಳುಗಿದರು. ಚಾಚಾ ಆ ಕೈ ಹಾಗೇ ಜೋತಾಡುತ್ತಿರುವಾಗ ಬಲಗೈಯಿಂದ ಅವರ ತುರುಬು ಹಿಡಿದು ಎಳೆದ. ನಾನು ಅವನ ಸೊಂಟ ಹಿಡಿದೆ. ಫೋನು ಎಲ್ಲಿ ಬಿತ್ತೋ, ಅದರಿಂದ ಹಿಂದಿನ ದೋಣಿಗಳವರ ದನಿ ಬರುತ್ತಲೇ ಇತ್ತು. ನಮ್ಮ ಕಿರುಚಾಟ ಕೇಳಿ ಏನೂ ತಿಳಿಯದೆ ಯಾರೋ ಒಬ್ಬರು ಮತ್ತೆ ಮತ್ತೆ, "ಸ್ವಾಮಿ, ಮುಂದಕ್ಕೆ ಹೇಳಿ, ಮುಂದಕ್ಕೆ ಹೇಳಿ" ಅನ್ನುತ್ತಿದ್ದರು.

ಯಾರೂ ಸಾಯಲಿಲ್ಲ. ಹಾಗಾಗಿ ದಡ ಮುಟ್ಟಿದ ಕೂಡಲೇ ದೊಡ್ಡಪ್ಪ ಕೈ ಮುಗಿದು, "ಗಂಗಾಮಾಯಿ ಕಾಪಾಡಿದಳು" ಅಂದರು. ಎಲ್ಲರೂ ಅದನ್ನೇ ಹೇಳಿದರು. ಸೂರತ್ ಚಾಚಾನನ್ನು ಒಂದು ಇ-ರಿಕ್ಷಾದಲ್ಲಿ ಮಲಗಿಸಿ ಆಸ್ಪತ್ರೆಗೆ ಕಳಿಸುವಾಗ ಅವನ ಜೊತೆ ನಮ್ಮ ಮನೆಯವರು ಒಬ್ಬರೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ನನ್ನಿಂದ ಚೌಕಿಯಲ್ಲಿ ಕೆಲಸವಿತ್ತು.

ಪೊಲೀಸು ಚೌಕಿಯಲ್ಲಿ ಹಿಂದಿಯಲ್ಲಿ ಹೇಳಿಕೆ ಬರೆದುಕೊಡಬೇಕಿತ್ತು. ಮನೆಯಲ್ಲಿ ಚೆನ್ನಾಗಿ ಹಿಂದಿ ಬರೆಯುವವಳು ನಾನು. ಹೊರಗೆ ಬೇವಿನ ಮರದ ಕೆಳಗೆ ದೊಡ್ಡಪ್ಪ ನನ್ನನ್ನು ನಿಲ್ಲಿಸಿಕೊಂಡರು.

"ಚುಕ್ಕಾಣಿ ರಾಮಸೂರತನ ಕೈಯಲ್ಲಿತ್ತು ಅಂತ ಬರಿ."

"ದೊಡ್ಡಪ್ಪಾ, ಶ್ರೀಧರಣ್ಣ..."

"ಲೈಸೆನ್ಸ್ ಇಲ್ಲದೋನು ನಡೆಸ್ತಿದ್ದ ಅಂದ್ರೆ ಶ್ರೀಧರ ಒಳಗೆ ಹೋಗ್ತಾನೆ. ನಮ್ಮ ಮನೆ ಹೆಸರು ಹೋಗತ್ತೆ. ಸೂರತ್ ನಮ್ಮೋನೇ, ಅವನನ್ನ ನಾವು ನೋಡ್ಕೋತೀವಿ. ನಿಮ್ಮಮ್ಮ ಪಾಪ ಇನ್ನೂ ಊಟ ಮಾಡಿರಲ್ಲ, ಬೇಗ ಬರಿ, ಮನೆಗೆ ಹೋಗೋಣ."

ನಿಮ್ಮಮ್ಮ ಎಂದಷ್ಟೇ ಅಂದರು. ಶ್ರೀಧರಣ್ಣ ಮರದ ಆ ಕಡೆ ಒದ್ದೆ ಬಟ್ಟೆಯಲ್ಲಿ ನಿಂತು ಫೋನು ಒರೆಸಿಕೊಳ್ಳುತ್ತಿದ್ದ. ನಾನು ಬರೆದೆ. ಅಕ್ಷರ ಅಕ್ಷರಕ್ಕೂ ತಲೆಕಟ್ಟಿನ ಗೆರೆ ನೇರವಾಗಿ, ಎಂ.ಎ. ಪರೀಕ್ಷೆಗೆ ಬರೆದ ಹಾಗೆ ಬರೆದೆ.

ಅಷ್ಟಕ್ಕೇ ಮುಗಿದಿದ್ದರೆ ಹೇಳಿಸಿದ್ದನ್ನು ಬರೆದೆ ಎಂದಾದರೂ ಹೇಳಿಕೊಳ್ಳುತ್ತಿದ್ದೆ. ಒಳಗೆ ಸಾವಿತ್ರಮ್ಮ ಕೂತಿದ್ದರು. ಯಾರದೋ ಶಾಲು ಹೊದ್ದು, ಬಿಳಿ ಕೂದಲಿಂದ ನೀರು ಸೋರುತ್ತ. ಬಾಗಿಲಲ್ಲಿ ದೊಡ್ಡಪ್ಪ ನಿಂತಿರುವುದನ್ನು ಲೆಕ್ಕಿಸದೆ ಪೊಲೀಸಿನವನ ಮುಖಕ್ಕೆ ಬೆರಳು ಮಾಡಿ ಕನ್ನಡದಲ್ಲಿ ಹೇಳುತ್ತಿದ್ದರು, "ಸಾಹೇಬ್ರೇ, ನಡೆಸ್ತಿದ್ದೋನು ಆ ಯಪ್ಪ ಅಲ್ಲ. ಈ ಭಟ್ರ ಮಗ. ಮೊಬೈಲು ನೋಡ್ಕಂಡು ನಿಂತಿದ್ದ. ಆ ಯಪ್ಪ ಕೂಗ್ದ, ಇವ್ನು ಸುಮ್ಕಿರು ಅಂದ. ನಾನು ಕಣ್ಣು ಮುಚ್ಚಿರ್ನಿಲ್ಲ, ನೀರು ಕಂಡು ನಂಗೆ ಭಯ."

ಪೊಲೀಸಿನವನು ನನ್ನ ಕಡೆ ತಿರುಗಿದ. "ಮಾತಾಜಿ ಏನು ಹೇಳ್ತಿದ್ದಾರೆ?"

ಆ ಕೋಣೆಯಲ್ಲಿ ಎರಡೂ ಭಾಷೆ ಗೊತ್ತಿದ್ದವರು ನಾನು, ದೊಡ್ಡಪ್ಪ. ನಾನು ಹಿಂದಿಯಲ್ಲಿ ಹೇಳಿದೆ, "ಗಂಗಾಮಾಯಿ ಕಾಪಾಡಿದಳು ಅಂತಿದ್ದಾರೆ."

ಪೊಲೀಸಿನವನು ಮುಗುಳ್ನಕ್ಕು ಮುದುಕಿಗೆ ಕೈ ಮುಗಿದ. ಸಾವಿತ್ರಮ್ಮನಿಗೆ ಸಮಾಧಾನವಾಯಿತು. ನನ್ನ ಕೈ ಹಿಡಿದು, "ಎಲ್ಲಾ ಬಿಡಿಸಿ ಹೇಳ್ದೇನವ್ವಾ?" ಅಂದರು.

"ಹೇಳಿದೆ" ಅಂದೆ.

ಎರಡು ವಾರದ ನಂತರ ಚಾಚಾನ ಲೈಸೆನ್ಸು ರದ್ದಾಯಿತು. ದೋಣಿಯ ಮೂತಿಯ ಮೇಲಿದ್ದ ನಂಬರಿಗೆ ಯಾರೋ ಬಂದು ಕಪ್ಪು ಬಣ್ಣ ಬಳಿದು ಹೋದರು. ಎಡಗೈಯನ್ನು ಮೊಣಕೈಯ ಕೆಳಗೆ ಕತ್ತರಿಸಿದ್ದರು. ದೊಡ್ಡಪ್ಪ ನೋಡಿಕೊಂಡ ರೀತಿ ಹೀಗಿತ್ತು: ದೀಪಾವಳಿಯ ಹೊತ್ತಿಗೆ ಮನೆಯಲ್ಲಿ ಗಂಗಾಪೂಜೆ ಇಟ್ಟುಕೊಂಡು, ಯಾತ್ರಿಕರ ಪ್ರಾಣ ಉಳಿಸಿದವನೆಂದು ಸೂರತನಿಗೆ ಒಂದು ಶಾಲು. ಒಂದೇ ಕೈಯಲ್ಲಿ ಶಾಲು ಹೊದೆಯಲು ಬರುವುದಿಲ್ಲ. ಶ್ರೀಧರಣ್ಣನೇ ಹೊದಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಾಣ ಉಳಿಸಿದ್ದಕ್ಕೆ ಶಾಲು, ದೋಣಿ ಗುದ್ದಿಸಿದ್ದಕ್ಕೆ ಲೈಸೆನ್ಸು ರದ್ದು. ಎರಡೂ ಒಬ್ಬನೇ ಮನುಷ್ಯನಿಗೆ, ಒಂದೇ ದಿನದ ಕೆಲಸಕ್ಕೆ. ಆ ಹಜಾರದಲ್ಲಿ ಒಬ್ಬರಿಗೂ ಇದು ಹೊಂದುವುದಿಲ್ಲ ಅನ್ನಿಸಲಿಲ್ಲ.

ಮರುದಿನ ಅವನ ಮನೆಗೆ ಹೋದೆ. ಕ್ಷಮೆ ಕೇಳಬೇಕೆಂದು ಹೋದವಳು ಬಾಗಿಲಲ್ಲಿ ಕಲ್ಲಾದೆ. ನನ್ನ ಹೇಳಿಕೆಯ ಪ್ರತಿಯನ್ನು ರದ್ದತಿ ನೋಟಿಸಿನ ಜೊತೆ ಅವನಿಗೂ ಕೊಟ್ಟಿದ್ದರು. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಚಾಚಾ ನಿಧಾನವಾಗಿ ಕೂಡಿಸಿಕೊಂಡು ಓದಬಲ್ಲವನು. ನನ್ನನ್ನು ನೋಡಿದ, ಕಾಗದ ನೋಡಿದ. "ಲಿಖಾವಟ್ ತ ಬಹುತ್ ಸುಂದರ್ ಬಾ, ಬಿಟಿಯಾ" ಅಂದ. ಬರಹ ಬಹಳ ಚೆನ್ನಾಗಿದೆ, ಮಗಳೇ. ಅಷ್ಟೇ. ಅವನ ಹೆಂಡತಿ ಬಂದು ನನ್ನ ಮುಖದ ಮೇಲೆ ಬಾಗಿಲು ಹಾಕಿದಳು. ಸರಿಯಾಗಿ ಮಾಡಿದಳು.

ಪರೀಕ್ಷೆ ಮುಗಿಸಿ, ಬಿ.ಎಡ್. ಮಾಡಿ, ತುಮಕೂರಿನಲ್ಲಿ ಕೆಲಸ ಸಿಕ್ಕ ಕೂಡಲೇ ಅಮ್ಮನನ್ನು ಕರೆದುಕೊಂಡು ಬಂದೆ. ಅಮ್ಮ ನನ್ನ ಜೊತೆ ಬಂದು ಒಂದು ವರ್ಷವಾಯಿತು. ಆಮೇಲೂ ಸುಮ್ಮನಿದ್ದೆ. ಅದಕ್ಕೆ ನನ್ನ ಹತ್ತಿರ ಯಾವ ನೆಪವೂ ಇಲ್ಲ. ಶ್ರೀಧರಣ್ಣನ ಮೇಲೆ ಸಿಟ್ಟು ಮಾಡಿಕೊಂಡಿರುವುದು ಸುಲಭವಾಗಿತ್ತು, ಅದನ್ನೇ ಮಾಡಿಕೊಂಡಿದ್ದೆ. ಅವನ ಮೂರು ನಗುವ ಮುಖ ಬಾರದಿದ್ದರೆ ಇನ್ನೂ ಎಷ್ಟು ವರ್ಷ ಹಾಗೇ ಇರುತ್ತಿದ್ದೆನೋ.

ಆ ಭಾನುವಾರ ಹಿರಿಯೂರಿನ ಬಸ್ಸು ಹತ್ತಿ, ಕಾಶಿಗೆ ಬಂದಿದ್ದವರನ್ನು ಕೇಳುತ್ತ ಸಾವಿತ್ರಮ್ಮನ ಮನೆ ಹುಡುಕಿದೆ. ಸಾವಿತ್ರಮ್ಮ ಬಾಗಿಲಲ್ಲಿ ಹುಣಸೆ ಹಣ್ಣಿನ ಬೀಜ ಬಿಡಿಸುತ್ತಿದ್ದರು. ಗುರುತು ಹಿಡಿದರು. ಕೂರಿಸಿ ನೀರು ಕೊಟ್ಟು ಕೇಳಿದ ಮೊದಲ ಮಾತು, "ಆ ಯಪ್ಪನ ಕೈ ವಾಸಿ ಆಯ್ತೇನವ್ವಾ?"

ಎಲ್ಲ ಹೇಳಿದೆ. ಕೈ ಹೋದದ್ದು, ಲೈಸೆನ್ಸು ಹೋದದ್ದು, ಅವರ ಮಾತನ್ನು ನಾನು ನುಂಗಿದ್ದು. ಅವರ ಕೈಯಲ್ಲಿದ್ದ ಹುಣಸೆ ಹಣ್ಣು ಅಲ್ಲೇ ನಿಂತಿತು.

"ನಾನು ನಾಕು ವರ್ಷದಿಂದ ಊರೋರಿಗೆಲ್ಲ ಹೇಳ್ಕಂಡು ತಿರುಗ್ತಿದೀನಿ. ಕಾಶೀಲಿ ಒಂದು ಹುಡುಗಿ ನನ್ನ ಮಾತ್ನ ಸಾಹೇಬ್ರಿಗೆ ಬಿಡಿಸಿ ಹೇಳಿದ್ಲು, ಆ ಯಪ್ಪಂಗೆ ನ್ಯಾಯ ಸಿಕ್ತು ಅಂತ." "ಥೂ" ಅಂದರು. ಆಮೇಲೆ, "ಪೆನ್ನು ಕೊಡು" ಅಂದರು.

ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಮೂರು ಸಲ ಓದಿಸಿದರು, ನನ್ನ ಮೇಲೆ ನಂಬಿಕೆ ಇಲ್ಲದೆ. ಮೊಮ್ಮಗಳನ್ನು ಕರೆದು ನಾಲ್ಕನೆಯ ಸಲ ಅವಳಿಂದ ಓದಿಸಿ ಕೇಳಿ, ಆಮೇಲೆ ಸಹಿ ಮಾಡಿದರು. ಅದರ ಹಿಂದಿ ಅನುವಾದವನ್ನು ಕಾಶಿಯ ರೈಲಿನಲ್ಲಿ ಮಾಡಿದೆ. ಒಂದು ಪದವನ್ನೂ ಬಿಡಲಿಲ್ಲ, ಸೇರಿಸಲೂ ಇಲ್ಲ. ಅದರ ಕೆಳಗೆ ನನ್ನದೇ ಹೊಸ ಹೇಳಿಕೆ: ಮೊದಲಿನದು ಸುಳ್ಳು, ಬರೆದವಳು ನಾನು, ಚುಕ್ಕಾಣಿ ಹಿಡಿದಿದ್ದವನು ನನ್ನ ಅಣ್ಣ. ರೈಲು ಕುಲುಕುತ್ತಿತ್ತು. ತಲೆಕಟ್ಟಿನ ಗೆರೆ ಎಲ್ಲೂ ನೇರ ನಿಲ್ಲಲಿಲ್ಲ.

ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿದು ಮನೆಗೆ ಹೋಗಲಿಲ್ಲ. ನೇರ ದೋಣಿ ಲೈಸೆನ್ಸಿನ ಕಚೇರಿಗೆ ಹೋದೆ. ಗುಮಾಸ್ತ ಓದಿ, ಹಳೆಯ ವಿಷಯ, ಈಗ ಯಾಕೆ, ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ನಿಮ್ಮ ಮೇಲೇ ಕೇಸಾಗಬಹುದು ಅಂದ. ಆಗಲಿ ಅಂದೆ. ವಿಚಾರಣೆಗೆ ಕರೆದಾಗ ಬರಬೇಕು ಅಂದ. ಬರುತ್ತೇನೆ ಅಂದೆ. ಪ್ರತಿಯ ಮೇಲೆ ಮೊಹರು ಒತ್ತಿಸಿಕೊಂಡೆ. ಚೌಕಿಯಲ್ಲೂ ಒಂದು ಪ್ರತಿ ಕೊಟ್ಟೆ.

ಮೊಹರಿನ ಚಿತ್ರವನ್ನು ಶ್ರೀಧರಣ್ಣನಿಗೆ ಕಳಿಸಿದೆ. ಕ್ಷಣದಲ್ಲಿ ಫೋನು ಬಂತು.

"ಶಾರೀ, ಪಾಗಲ್ ಆಗಿದೀಯಾ? ಅಪ್ಪನಿಗೆ ಈ ವಯಸ್ಸಲ್ಲಿ ಚೌಕಿ ತೋರಿಸ್ತೀಯಾ? ಪಿತೃಪಕ್ಷಕ್ಕೆ ಆರು ದೋಣಿ ಬುಕ್ ಆಗಿದೆ ನಂದು. ಈಗ ಡ್ರೈವ್ ಮಾಡ್ತಿದೀನಿ, ಲಂಕಾ ಸರ್ಕಲ್ ಹತ್ರ ಇದೀನಿ, ನೀನು ಎಲ್ಲಿದೀಯ ಲೊಕೇಶನ್ ಕಳ್ಸು, ಬರ್ತೀನಿ, ಮಾತಾಡೋಣ..."

ಹಿಂದೆ ಹಾರನ್ನುಗಳ ಸದ್ದು ಕೇಳಿಸುತ್ತಿತ್ತು.

"ನಕ್ಷೆ ಮುಚ್ಚು!" ಎಂದು ಕೂಗಿದೆ. ರಸ್ತೆಯ ಜನ ತಿರುಗಿ ನೋಡುವಷ್ಟು ಜೋರಾಗಿ ಕೂಗಿ ಫೋನು ಇಟ್ಟೆ.

ಸೂರತ್ ಚಾಚಾ ಈಗ ಅಸ್ಸಿಯಲ್ಲಿ ಮೆಟ್ಟಿಲಿನ ಮೇಲೆ ಕೂತು ದೀಪ ಬಿಡುವ ಎಲೆಯ ದೊನ್ನೆ ಮಾಡುತ್ತಾನೆ. ಕಾಲ್ಬೆರಳಿನಲ್ಲಿ ಎಲೆ ಒತ್ತಿಹಿಡಿದು ಬಲಗೈಯಲ್ಲಿ ಕಡ್ಡಿ ಚುಚ್ಚುತ್ತಾನೆ. ನಾನು ಎದುರು ನಿಂತೆ. ಕೂರು ಅನ್ನಲಿಲ್ಲ. ಕಾಗದ ಕೊಟ್ಟೆ. ಗಾಳಿಗೆ ಹಾರದಂತೆ ಅದನ್ನು ಮೊಣಕಾಲ ಕೆಳಗೆ ಸಿಕ್ಕಿಸಿ, ಬೆರಳಿಟ್ಟು ಒಂದೊಂದೇ ಸಾಲು ಓದಿದ. ಬಹಳ ಹೊತ್ತು ಹಿಡಿಯಿತು. ತನ್ನ ಹೆಸರು ಬಂದ ಕಡೆ ನಿಲ್ಲುತ್ತಿದ್ದ, ಮತ್ತೆ ಮುಂದಕ್ಕೆ ಹೋಗುತ್ತಿದ್ದ. ಕೊನೆಯ ಸಾಲು ಮುಗಿಸಿ ಮೊಹರನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದ, ಅಳಿಸುತ್ತದೋ ಎಂದು. ಅಳಿಸಲಿಲ್ಲ.

"ಅಬಕೀ ಲಿಖಾವಟ್ ಬಿಗಡ್ ಗಯಿಲ್, ಬಿಟಿಯಾ" ಅಂದ.

ಈ ಸಲ ಅಕ್ಷರ ಕೆಟ್ಟಿದೆ, ಮಗಳೇ. ಹೇಳಿ, ಕಾಗದವನ್ನು ನಾಲ್ಕಾಗಿ ಮಡಿಸಿ ಬನಿಯನ್ನಿನ ಒಳಗೆ ಇಟ್ಟುಕೊಂಡ. ಆಮೇಲೆ ದೊನ್ನೆಯ ಎಲೆಗಳನ್ನು ಒಂದು ಪಕ್ಕಕ್ಕೆ ಸರಿಸಿ ಮೆಟ್ಟಿಲಿನ ಮೇಲೆ ಒಬ್ಬರು ಕೂರುವಷ್ಟು ಜಾಗ ಮಾಡಿದ.